ಖರೆ ಇಂಗ್ಲೀಷು, ಸುಳ್ಳ ಇಂಗ್ಲೀಷು

ಹೋದ ಬೇಸಿಗೆಯಲ್ಲಿ ತಂಗಿಯ ಮಗಳ ನಿಶ್ಚಯಕ್ಕೆಂದು ಇಳಕಲ್ಲಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಿಂದ ರಿಕ್ಷಾ ಹಿಡಿಯದೆ ಹಳೆಯ ಓಣಿಗಳಲ್ಲಿ ನಡೆದು ಬಂದೆ. ಈಗ ಅಲ್ಲಿ ಮಗ್ಗದ ಸದ್ದು ಕಡಿಮೆ. ಆದರೂ ಒಂದು ತಿರುವಿನಲ್ಲಿ ಯಾರೋ ನೂಲಿಗೆ ಗಂಜಿ ಹಚ್ಚಿ ಬಿಸಿಲಿಗೆ ಹಾಸಿದ್ದರು. ಅನ್ನದ ತಿಳಿ ಹುಳಿಯಾಗುವುದಕ್ಕೆ ತುಸು ಮೊದಲು ಬರುವಂಥ ವಾಸನೆ. ಅದು ಮೂಗಿಗೆ ಬಡಿದದ್ದೇ ನನ್ನ ಕಾಲು ನಿಂತವು. ಇದೇ ವಾಸನೆಯಲ್ಲಿ ಕೂತು ನಾನು ಒಂದು ಬೇಸಿಗೆಯ ಉದ್ದಕ್ಕೂ ಒಬ್ಬ ಹೆಂಗಸಿನ ಮೇಲೆ ಕಣ್ಣಿಟ್ಟಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಇಳಕಲ್ ಆಗ ವಿಜಾಪುರ ಜಿಲ್ಲೆಯಲ್ಲಿತ್ತು. ನಾನು ಕೆರೂರಿನವಳು, ಬಾಗಲಕೋಟೆಯಲ್ಲಿ ಓದಿ, ಇಳಕಲ್ಲಿನ ಒಂದು ಖಾಸಗಿ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ವರ್ಷದ ಮಟ್ಟಿಗೆ ಕೆಲಸಕ್ಕೆ ಸೇರಿದ್ದೆ. ಜೂನಿನಲ್ಲಿ ನನ್ನನ್ನು ಮುಂದುವರಿಸುವುದು ಬಿಡುವುದು ಹೆಡ್‌ಮಾಸ್ತರರ ಒಂದು ಮಾತಿನ ಮೇಲೆ ನಿಂತಿತ್ತು. ಪರೀಕ್ಷೆ ಮುಗಿದು ಸೂಟಿ ಬಿಟ್ಟ ಮರುದಿನವೇ ಅವರು ನನ್ನನ್ನು ಕರೆಸಿದರು.

"ಸರೋಜಕ್ಕೋರ, ನೇಕಾರ ನಿಂಗಪ್ಪನ ವಾಡೇದಾಗ ಯಾವಾಕಿಯೋ ಬಂದು ಇಂಗ್ಲೀಷ ಕ್ಲಾಸ ಹಚ್ಯಾಳ, ನೋಡೀರೇನು?"

ಬೋರ್ಡು ನೋಡಿದ್ದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿದ್ದ ಬೋರ್ಡು. 'ಕ್ಲಾಸ್' ಎನ್ನುವ ಮಾತಿನ ಕೊನೆಗೆ ಎರಡು ಎಸ್ ಬೇಕಾದಲ್ಲಿ ಒಂದೇ ಇತ್ತು. ಪೇಂಟರನ ತಪ್ಪು ಅಂದುಕೊಂಡಿದ್ದೆ.

"ಐದು ವರ್ಷದ ಹುಡುಗೂರಿಂದ ಎಂಟು ವರ್ಷದವರ ತನಕ ಬರ್ರಿ ಅಂತ ಕರೀಲಿಕತ್ತಾಳ. ಗಂಡ ಇಲ್ಲ, ಮಕ್ಕಳಿಲ್ಲ, ಊರು ಕೇಳಿದ್ರ ಪುಣೆ ಅಂತಾಳ. ಮಾತು ನಮ್ಮ ಕಡೇದ. ಆಕಿ ಹಿಂದ ಯಾರದಾರ? ನಮ್ಮ ಸಾಲಿ ಹುಡುಗೂರನ್ನ ಒಯ್ಯಾಕ ಬಂದಾಳೋ ಏನೋ. ನೀವು ಹೋಗ್ರಿ. ಸಹಾಯ ಮಾಡ್ತೇನಿ ಅನ್ರಿ. ಏನೇನ ನಡೀತೈತಿ ನನಗ ಬಂದು ಹೇಳ್ರಿ."

ಇದು ಸರಿಯೇ ಎಂದು ನಾನು ಕೇಳಲಿಲ್ಲ. ಜೂನಿನ ಚಿಂತೆ ಒಂದು ಕಡೆ. ಇನ್ನೊಂದು ಕಡೆ, ಹೇಳಲು ನಾಚಿಕೆ, ನನಗೂ ಆಕೆಯ ಮೇಲೆ ಹೊಟ್ಟೆಕಿಚ್ಚಿತ್ತು. ಇಂಗ್ಲಿಷ್ ವ್ಯಾಕರಣದಲ್ಲಿ ನನಗೆ ಯಾವಾಗಲೂ ಒಳ್ಳೆಯ ಅಂಕ ಬಂದಿದ್ದವು. ಆದರೆ ಯಾರಾದರೂ ಎದುರಿಗೆ ನಿಂತು ಒಂದು ಮಾತು ಇಂಗ್ಲಿಷಿನಲ್ಲಿ ಕೇಳಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ನಿಂಗಪ್ಪನ ವಾಡೆ ಹಳೆಯ ದೊಡ್ಡ ಮನೆ. ಅದರ ಪಡಸಾಲೆಯಲ್ಲಿ ಮುಂಜಾನೆ ಏಳರಿಂದ ಒಂಬತ್ತರವರೆಗೆ ಕ್ಲಾಸು. ಆಮೇಲೆ ಬಿಸಿಲು ಕೂರಲು ಬಿಡುತ್ತಿರಲಿಲ್ಲ. ಒಂದು ಬದಿಗೆ ನಿಂಗಪ್ಪನ ಮಗ್ಗ, ಅದರ ಕುಣಿಯಲ್ಲಿ ಕಾಲಿಳಿಬಿಟ್ಟು ಅವನು ನೇಯುತ್ತಿದ್ದ. ಇನ್ನೊಂದು ಬದಿಗೆ ಚಾಪೆಯ ಮೇಲೆ ಇಪ್ಪತ್ತೆರಡು ಮಕ್ಕಳು. ನಡುವೆ ಸುಂದರಾಬಾಯಿ. ನಲವತ್ತೈದರ ಆಸುಪಾಸು, ತೆಳ್ಳನೆಯ ಮೈ, ಹೂವಿಲ್ಲದ ಬಿಗಿ ತುರುಬು, ಬಿಳಿಯ ಮೇಲೆ ಸಣ್ಣ ನೀಲಿ ಚುಕ್ಕೆಯ ಸೀರೆ. ನಾನು ಸಹಾಯಕ್ಕೆ ಬಂದೆನೆಂದಾಗ ಆಕೆಯ ಮುಖ ಅರಳಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

"ದೇವರ ಕಳಿಸಿದಂಗ ಬಂದ್ರಿ ಅಕ್ಕೋರ. ಏನರ ಬರೆಯೂದಿದ್ರ ಬೋರ್ಡಿನ ಮ್ಯಾಲೆ ನೀವ ಬರೀರಿ. ನನಗ ಸೀಮೆಸುಣ್ಣದ ಧೂಳು ಆಗಂಗಿಲ್ಲ, ಕೆಮ್ಮು ಬರ್ತೈತಿ. ಹಾಜರಿ ಪುಸ್ತಕನೂ ನೀವ ಇಟ್ಕೋರಿ."

ಇಷ್ಟು ಸುಲಭವಾಗಿ ಒಳಗೆ ಬಿಟ್ಟುಕೊಂಡಳಲ್ಲ ಎಂದು ನನಗೆ ಅನುಮಾನ ಇನ್ನೂ ಹೆಚ್ಚಾಯಿತು.

ಕಲಿಸುವ ರೀತಿಯೂ ನಾನು ಕಂಡದ್ದಾಗಿರಲಿಲ್ಲ. ಎ ಬಿ ಸಿ ಇಲ್ಲ, ಕಾಪಿ ಬರೆಸುವುದಿಲ್ಲ. ಮಕ್ಕಳು ಒಳಗೆ ಬಂದ ಕೂಡಲೇ ಆಕೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಕಾಲು ತೊಳೆಯಿರಿ, ಮೂಗು ಒರೆಸಿಕೊಳ್ಳಿ, ಜಗಳ ಬೇಡ, ನೀರು ಬೇಕೇ, ಹೀಗೆ. ಕನ್ನಡದಲ್ಲಿ ಅರ್ಥ ಹೇಳುತ್ತಿರಲಿಲ್ಲ. ಕೈ, ಕಣ್ಣು, ಹುಬ್ಬು ಎಲ್ಲವೂ ಅರ್ಥ ಹೇಳುತ್ತಿದ್ದವು. ಎರಡನೆಯ ವಾರಕ್ಕೆ ಮಕ್ಕಳು ತಿರುಗಿ ಮಾತಾಡತೊಡಗಿದರು. ನಿಂಗಪ್ಪನ ಐದು ವರ್ಷದ ಮಗಳು ಗಂಗೂ ಎಲ್ಲರಿಗಿಂತ ಮುಂದೆ. ಒಂದು ಮುಂಜಾನೆ ಅವಳ ಅಜ್ಜಿ ಗಾಬರಿಯಾಗಿ ಪಡಸಾಲೆಗೆ ಬಂದಳು.

"ಬಾಯಿ, ನಿನ್ನಿಯಿಂದ ಹುಡುಗಿ ಏನ ಕೊಟ್ರೂ ನೋ ನೋ ಅನ್ನಾಕತ್ತೈತಿ. ಎಲ್ಲೆರ ನೋವು ಆಗೈತೇನಂತ ರಾತ್ರಿ ಮೈಗೆಲ್ಲ ಎಣ್ಣಿ ತಿಕ್ಕೀನಿ!"

ಸುಂದರಾಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕುಣಿಯಲ್ಲಿ ಕೂತ ನಿಂಗಪ್ಪನೂ ನಕ್ಕ. ಅಜ್ಜಿ ಮಾತ್ರ ನಗಲಿಲ್ಲ. ಹೊರಗೆ ಹೋಗುತ್ತ ನನ್ನ ಕಿವಿಯಲ್ಲಿ, "ಏನ ಕಲಸ್ತಾಳೋ ಏನೋ, ನೀವ ಚಂದಗೆ ನೋಡ್ಕೋರಿ," ಎಂದಳು. ಊರಿಗೆ ಊರೇ ನನ್ನನ್ನು ಕಾವಲಿಗೆ ಇಟ್ಟಂತೆ ಆಯಿತು.

ನಾನೂ ನೋಡುತ್ತಲೇ ಇದ್ದೆ. ಒಂದೊಂದಾಗಿ ಕಂಡವು. ಆಕೆಯ ಮುಂದೆ ಯಾವಾಗಲೂ ಕೆಂಪು ರಟ್ಟಿನ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಇರುತ್ತಿತ್ತು. ಏನು ಪುಸ್ತಕ ಎಂದು ಕೇಳಿದ್ದಕ್ಕೆ, "ಹುಡುಗೂರ ಹಾಡಿನ ಪುಸ್ತಕ್ರಿ" ಎಂದಿದ್ದಳು. ಅದನ್ನು ತೆರೆದದ್ದನ್ನು ನಾನು ನೋಡಿರಲಿಲ್ಲ. ಒಮ್ಮೆ ಆಕೆ ನೀರು ತರಲು ಒಳಗೆ ಹೋದಾಗ ಕೈಗೆತ್ತಿಕೊಂಡು ಪುಟ ತಿರುವಿದೆ. ಕುದುರೆಗಳಿಗೆ ಬರುವ ರೋಗಗಳ ಪುಸ್ತಕ ಅದು. ಗೊರಸು, ಹಲ್ಲು, ಹೊಟ್ಟೆಶೂಲೆ, ಚಿತ್ರ ಸಮೇತ. ಹೆಜ್ಜೆಯ ಸದ್ದಾಗುತ್ತಲೇ ಇದ್ದ ಜಾಗದಲ್ಲೇ ಇಟ್ಟೆ.

ಆಮೇಲೆ ಪುಣೆಯಿಂದ ಒಂದು ಕಾರ್ಡು ಬಂತು, ಇಂಗ್ಲಿಷಿನಲ್ಲಿ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೆ ಕೊಟ್ಟಳು. "ಕನ್ನಡಕ ಪುಣೇದಾಗ ಬಿಟ್ಟ ಬಂದೇನಿ. ನೀವ ಓದಿ ಹೇಳ್ರಿ ಅಕ್ಕೋರ." ಯಾರೋ ಹಳೆಯ ಪರಿಚಯದವರು ಯೋಗಕ್ಷೇಮ ಕೇಳಿದ್ದರು, ಅಷ್ಟೆ. ಅದೇ ದಿನ ಕ್ಲಾಸು ಮುಗಿದ ಮೇಲೆ, ಸೂಟಿಯ ಕೊನೆಗೆ ಓಣಿಯವರ ಮುಂದೆ ಮಾಡಬೇಕೆಂದಿದ್ದ ಮಕ್ಕಳ ಕಾರ್ಯಕ್ರಮಕ್ಕೆ ಬಣ್ಣದ ಕಾಗದದ ಟೊಪ್ಪಿಗೆ ಹೊಲಿಯುತ್ತ ಕೂತೆವು. ನಾನು ಸೂಜಿಗೆ ದಾರ ಪೋಣಿಸಲು ಮೂರು ಸಲ ಸೋತೆ. ಸುಂದರಾಬಾಯಿ ಸೂಜಿ ತೆಗೆದುಕೊಂಡಳು, ದಾರದ ತುದಿಯನ್ನು ಬಾಯಲ್ಲಿ ತೇವ ಮಾಡಿದಳು, ಒಂದೇ ಸಲಕ್ಕೆ ಪೋಣಿಸಿ ಕೊಟ್ಟಳು. ಕನ್ನಡಕ ಇಲ್ಲದೆ.

ಆಗ ನನಗೆ ಎಲ್ಲವೂ ಹೊಳೆಯಿತು. ಹೊರಗಿನ ಬೋರ್ಡಿನಲ್ಲಿ ಒಂದೇ ಎಸ್ ಇದ್ದದ್ದು, ಕುದುರೆ ರೋಗದ ಪುಸ್ತಕ ಹಾಡಿನ ಪುಸ್ತಕವಾದದ್ದು, ಸೀಮೆಸುಣ್ಣದ ಕೆಮ್ಮು, ಹಾಜರಿ ಪುಸ್ತಕವನ್ನು ನನಗೆ ಒಪ್ಪಿಸಿದ್ದು. ಈ ಹೆಂಗಸಿಗೆ ಒಂದಕ್ಷರ ಓದಲು ಬರುವುದಿಲ್ಲ.

ಅವತ್ತು ಸಂಜೆಯೇ ನಾನು ಹೆಡ್‌ಮಾಸ್ತರರ ಮನೆಗೆ ಹೋಗಿ ಹೇಳಿದೆ. ಆಗ ನನಗಾದದ್ದು ಖುಷಿಯೇ ಎಂದು ಒಪ್ಪಿಕೊಳ್ಳಬೇಕು. ಅವರು ಚಹಾದ ಕಪ್ಪನ್ನು ಬಸಿಯಲ್ಲಿಟ್ಟು, "ಹೌದ? ಹೌದ?" ಎಂದು ಎರಡು ಸಲ ಕೇಳಿದರು. "ಈಗ ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ. ಕಾರ್ಯಕ್ರಮಕ್ಕ ನಿಂಗಪ್ಪ ನನ್ನ ಮುಖ್ಯ ಅತಿಥಿ ಮಾಡ್ಯಾನ. ಅಲ್ಲೇ ನೋಡೂಣು."

ಅದಕ್ಕೆ ಇನ್ನು ಒಂಬತ್ತು ದಿನವಿತ್ತು. ಆ ಒಂಬತ್ತು ದಿನವೂ ನಾನು ಹೋಗುತ್ತಿದ್ದೆ, ಆಕೆ ಕೊಟ್ಟ ಚಹಾ ಕುಡಿಯುತ್ತಿದ್ದೆ. ಆಕೆ ನಾಟಕ ಕಟ್ಟುತ್ತಿದ್ದಳು. ಯಾವ ಪುಸ್ತಕದ್ದೂ ಅಲ್ಲ, ತಾನೇ ಮಾಡಿದ್ದು. ಬಾದಾಮಿಗೆ ಹೋಗುವ ಬಸ್ಸಿನ ಆಟ. ಒಬ್ಬ ಹುಡುಗ ಹಿಟ್ಟು ಸೋಸುವ ದುಂಡನೆಯ ಸಾಣಿಗೆಯನ್ನು ತಿರುಗಿಸುತ್ತ ಡ್ರೈವರ್. ಮಗ್ಗದ ಹಗ್ಗ ಸುತ್ತ ಹಿಡಿದುಕೊಂಡ ಹನ್ನೆರಡು ಮಕ್ಕಳು ಬಸ್ಸು. ಗಂಗೂ ಕಂಡಕ್ಟರ್. ಮುದುಕಿ ಸೀಟು ಕೇಳುತ್ತಾಳೆ, ಗೌಡ ಟಿಕೆಟ್ ತೆಗೆಯುವುದಿಲ್ಲ, ಬಾದಾಮಿ ಬಂದಾಗ ಮಂಗ ಬಂದು ಕಂಡಕ್ಟರ್ ಊದುವ ಸೀಟಿ ಕಸಿದುಕೊಂಡು ಗೋಡೆ ಹತ್ತುತ್ತದೆ. ಎಲ್ಲ ಮಾತೂ ಇಂಗ್ಲಿಷಿನಲ್ಲಿ. ನಾನು ಬಾಯಿಪಾಠ ಇದು, ಗಿಣಿಪಾಠ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕಾರ್ಯಕ್ರಮದ ದಿನ ಮೋಡ ಕವಿದು ಒಂದು ಹನಿಯೂ ಬೀಳದೆ ಸೆಕೆ ಹೆಚ್ಚಿತ್ತು. ವಾಡೆಯ ಅಂಗಳದಲ್ಲಿ ಕೆಂಪು ಸೆರಗಿನ ಎರಡು ಹೊಸ ಸೀರೆ ಇಳಿಬಿಟ್ಟು ಪರದೆ ಮಾಡಿದ್ದರು. ಓಣಿಯೆಲ್ಲ ಬಂದಿತ್ತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಚಾಪೆಯ ಮೇಲೆ. ಮಕ್ಕಳಿಗಿಂತ ಹೆಚ್ಚಾಗಿ ಎಲ್ಲರೂ ಸುಂದರಾಬಾಯಿಯನ್ನೇ ನೋಡುತ್ತಿದ್ದರು. ಒಂದೇ ಕುರ್ಚಿ ಇತ್ತು, ಅದರ ಮೇಲೆ ಹೆಡ್‌ಮಾಸ್ತರರು. ಜೇಬಿನಲ್ಲಿ ಮಡಚಿದ ಕಾಗದ.

ಬಸ್ಸು ಹೊರಟಿತು. "ನೋ ಟಿಕೆಟ್, ನೋ ಸೀಟ್!" ಎಂದು ಗಂಗೂ ಗೌಡನ ಪಾತ್ರದವನ ತಲೆಗೆ ಸುತ್ತಿದ ಪಟಗಾ ಹಿಡಿದು ಎಳೆದಾಗ ಕಟ್ಟೆಯ ಮೇಲಿನ ಗಂಡಸರೆಲ್ಲ ಹೋ ಎಂದು ನಕ್ಕರು. ಅರ್ಥ ಕೇಳಬೇಕಾದ ಕೆಲಸವೇ ಇರಲಿಲ್ಲ. ಆಮೇಲೆ ಮಂಗನಾಗಿದ್ದ ಹುಡುಗ ಸೀಟಿ ಕಸಿದುಕೊಂಡು ಕಟ್ಟೆ ಹತ್ತಿದ. ಹತ್ತಿದವನು ಜನರನ್ನು ನೋಡಿ ಹೆದರಿ, ಕಂಬ ತಬ್ಬಿಕೊಂಡು ಅಳತೊಡಗಿದ. ಅವನು ಇಳಿದು ಬಂದು ಸೀಟಿ ಕೊಡಬೇಕಿತ್ತು, ಬಸ್ಸು ಮುಂದೆ ಹೋಗಬೇಕಿತ್ತು. ಆಟ ನಿಂತಿತು. ಸುಂದರಾಬಾಯಿ ಪರದೆಯ ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದು, ಯಾಕೋ, ಅಲ್ಲೇ ತಡೆದು ನಿಂತಳು.

ಗಂಗೂ ಹಗ್ಗದ ಹೊರಗೆ ಬಂದಳು. ಕಂಬದ ಕೆಳಗೆ ನಿಂತು, ಕೈ ಮೇಲೆ ಮಾಡಿ, ಅಳುತ್ತಿದ್ದವನಿಗೆ ಮೆಲ್ಲಗೆ ಹೇಳಿದಳು: "ಮಂಕಿ, ಡೋಂಟ್ ಕ್ರೈ. ಕಮ್ ಡೌನ್. ಐ ಗಿವ್ ಯೂ ಮೈ ಸೀಟ್. ನೋ ಟಿಕೆಟ್."

ಈ ಮಾತನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಒಂಬತ್ತು ದಿನ ಪ್ರತಿಯೊಂದು ತಾಲೀಮು ನೋಡಿದವಳು ನಾನು. ಆಟದಲ್ಲಿ ಇಲ್ಲದ ಮಾತು ಅದು. ಐದು ವರ್ಷದ ಹುಡುಗಿ ತನ್ನ ಮನಸ್ಸಿನಲ್ಲಿದ್ದದ್ದನ್ನು ತಾನೇ ಇಂಗ್ಲಿಷಿನಲ್ಲಿ ಹೇಳಿದ್ದಳು. ಹದಿನಾಲ್ಕು ವರ್ಷ ಓದಿದ ನನಗೆ ಅದು ಬಂದಿರಲಿಲ್ಲ. ಹುಡುಗ ಇಳಿದ. ಬಸ್ಸು ಹೊರಟಿತು. ಚಪ್ಪಾಳೆ ಬಿದ್ದವು. ಹೆಡ್‌ಮಾಸ್ತರರ ಹತ್ತಿರ ಹೋಗಿ, ಬೇಡ ಸರ್, ಬಿಟ್ಟುಬಿಡಿ ಎನ್ನಬೇಕೆಂದು ಎದ್ದೆ. ಅಷ್ಟರಲ್ಲಿ ಅವರೂ ಎದ್ದಿದ್ದರು.

"ಹುಡುಗೂರು ಚಲೋ ಮಾಡಿದ್ರು," ಎಂದರು. "ಈಗ ಬಾಯಾರು ಬಂದವರಿಗೆಲ್ಲ ಇಂಗ್ಲೀಷಿನ್ಯಾಗ ಆಭಾರ ಮನ್ನಣಿ ಮಾಡ್ತಾರ. ನಾನ ಬರಕೊಂಡು ಬಂದೇನಿ. ಬರ್ರಿ ಬಾಯಾರ, ಓದ್ರಿ."

ಸುಂದರಾಬಾಯಿ ಬಂದು ಕಾಗದ ತೆಗೆದುಕೊಂಡಳು. ಅದನ್ನು ನೋಡಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಮೊದಲು, ಓದಿ ಕೊಡುತ್ತೀರಾ ಎಂದು ಕೇಳುವ ನೋಟ. ನಾನು ಕಣ್ಣು ಕೆಳಗೆ ಹಾಕಿದೆ. ಮತ್ತೆ ತಲೆಯೆತ್ತುವಷ್ಟರಲ್ಲಿ ಆಕೆಗೆ ಎಲ್ಲ ತಿಳಿದಿತ್ತು. ಕಾಗದವನ್ನು ಮೊದಲಿನಂತೆಯೇ ಮಡಚಿ ಹೆಡ್‌ಮಾಸ್ತರರಿಗೆ ತಿರುಗಿ ಕೊಟ್ಟಳು.

"ನನಗ ಓದಾಕ ಬರೂದಿಲ್ರಿ ಸರ್. ಕನ್ನಡ ಬರೂದಿಲ್ಲ, ಇಂಗ್ಲೀಷೂ ಬರೂದಿಲ್ಲ. ನಾ ಕಲಾದಗಿ ಕಡೆಯಾಕಿ. ಪುಣೇದಾಗ ಒಂದು ಇಂಗ್ಲೀಷ ಸಾಲ್ಯಾಗ ಹದಿನೆಂಟು ವರ್ಷ ಆಯಾ ಆಗಿದ್ದೆ. ಸಣ್ಣ ಹುಡುಗೂರ ಮೂಗು ಒರಸೂದು, ಚಡ್ಡಿ ಬದಲಿ ಮಾಡೂದು, ಅಳಾವ್ರನ್ನ ಸಂಬಾಳ್ಸೂದು. ಅಲ್ಲಿ ಟೀಚರು ಆಡೂದೆಲ್ಲ ಕಿವಿಯಿಂದ ಕಲ್ತೆ. ಅಕ್ಷರ ನನಗ ಯಾರೂ ಕಲಸ್ಲಿಲ್ಲ."

ಹಿಂದಿನಿಂದ ಒಬ್ಬಳು, "ಆಯಾನ?" ಎಂದಳು. ಒಬ್ಬರು ಎದ್ದು ಮಗನ ರಟ್ಟೆ ಹಿಡಿದು ಹೊರಟರು, ಅವರ ಹಿಂದೆ ಇನ್ನಿಬ್ಬರು. ನಿಂಗಪ್ಪನ ಮುಖ ಕಪ್ಪಿಟ್ಟಿತ್ತು. "ನನಗೆರ ಮೊದಲ ಹೇಳಬೇಕಿತ್ತಲ್ಲ ಬಾಯಿ. ಮನಿ ಕೊಟ್ಟಾವ ನಾ," ಎಂದ. ಹೆಡ್‌ಮಾಸ್ತರರು ಕಾಗದವನ್ನು ಜೇಬಿಗಿಟ್ಟುಕೊಂಡು ಕುರ್ಚಿಯಲ್ಲಿ ಕೂತರು.

ಗಂಗೂನ ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು. "ಅಲ್ಲಾ, ನನಗೊಂದು ತಿಳೀವಲ್ದು. ನಮ್ಮ ಹುಡುಗಿ ಈಗ ಮಾತಾಡ್ತಲ್ಲ, ಅದು ಖರೆ ಇಂಗ್ಲೀಷೋ, ಸುಳ್ಳ ಇಂಗ್ಲೀಷೋ?" ಎಂದು ಕೇಳಿದಳು. ಸುತ್ತ ನೋಡಿ, ಕೊನೆಗೆ ನನ್ನ ಕಡೆ ತಿರುಗಿದಳು. "ಅಕ್ಕೋರ, ನೀವು ಕಲ್ತಾವ್ರು. ದಿನಾ ಇಲ್ಲೇ ಇದ್ರಿ. ನೀವ ಹೇಳ್ರಿ."

ಅಂಗಳದ ಕಣ್ಣೆಲ್ಲ ನನ್ನ ಮೇಲೆ ಬಂದವು. ಹೆಡ್‌ಮಾಸ್ತರರ ಕಣ್ಣೂ. ಅಲ್ಲಿ ಒಂದು ಮಾತು ಸಾಕಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟು:

"ನನಗ ಅಷ್ಟ ತಿಳಿಯೂದಿಲ್ರಿ ಅಜ್ಜಿ."

ಗಂಗೂ ಇನ್ನೂ ಸೀಟಿ ಕೈಯಲ್ಲಿ ಹಿಡಿದೇ ನಿಂತಿದ್ದಳು. ಅಜ್ಜಿ ಅವಳನ್ನು ಎಳೆದುಕೊಂಡು ಒಳಗೆ ಹೋದಳು.

ಮರುದಿನ ಮುಂಜಾನೆ ನಾನು ವಾಡೆಗೆ ಹೋದಾಗ ಸುಂದರಾಬಾಯಿ ತಗಡಿನ ಟ್ರಂಕಿಗೆ ಸೀರೆ ತುಂಬುತ್ತಿದ್ದಳು. ಕುದುರೆಯ ಪುಸ್ತಕ ಎಲ್ಲಕ್ಕಿಂತ ಮೇಲೆ ಇತ್ತು.

"ನೀವ ಹೇಳಿದ್ರಿ?" ತಿರುಗದೆಯೇ ಕೇಳಿದಳು.

"ಹೌದ್ರಿ."

"ಅವ್ರಿಗೆ ಹೇಳೂಕಿಂತ ಮೊದಲ ನನಗ ಒಂದು ಮಾತು ಕೇಳಿದ್ರ, ನಾನ ಹೇಳ್ತಿದ್ದೆ. ಹೇಳಾಕ ಒಬ್ಬರು ಬೇಕಾಗಿತ್ತು ನನಗೂ."

ನಾನು ಅಳುತ್ತ, ಅಕ್ಷರ ಕಲಿಸುತ್ತೇನೆ, ಇಲ್ಲೇ ಇರಿ, ಮಳೆಗಾಲ ಮುಗಿಯುವುದರೊಳಗೆ ಓದುವಂತೆ ಮಾಡುತ್ತೇನೆ ಎಂದೆಲ್ಲ ಹೇಳಿದೆ. ಆಕೆ ಟ್ರಂಕಿನ ಚಿಲಕ ಹಾಕಿದಳು. "ಬ್ಯಾಡ್ರಿ ಅಕ್ಕೋರ. ನಿಮ್ಮ ಮುಂದ ತಪ್ಪು ಮಾಡಾಕ ನನಗಿನ್ನ ಧೈರ್ಯ ಆಗೂದಿಲ್ಲ. ತಪ್ಪು ಮಾಡಲಾರದ ಕಲಿಯೂದು ಹೆಂಗ?" ಎಂದಳು. ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಆಕೆ ಬೈಯಲಿಲ್ಲ. ಹುನಗುಂದದ ಬಸ್ಸು ಹತ್ತಿ ಹೋದಳು.

ಜೂನಿನಲ್ಲಿ ನನ್ನ ಕೆಲಸ ಮುಂದುವರಿಯಿತು. ಗಂಗೂ ನನ್ನ ಒಂದನೇ ಇಯತ್ತೆಗೆ ಬಂದಳು. ಮೊದಲ ಕೆಲವು ದಿನ ನನ್ನೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿ ನೋಡಿದಳು. ನೀರು ಕುಡಿಯಲು ಕೇಳಿದಳು, ಪಕ್ಕದವನು ಚಿವುಟಿದ್ದನ್ನು ದೂರಿದಳು. ನನಗೆ ಅರ್ಥವಾಗುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಹೂಂ ಎನ್ನುತ್ತಿದ್ದೆ. ಮಳೆ ಹಿಡಿಯುವ ಹೊತ್ತಿಗೆ ಅವಳು ಕೇಳುವುದನ್ನು ಬಿಟ್ಟಳು. ದೀಪಾವಳಿಯ ಹೊತ್ತಿಗೆ ಮರೆತಿದ್ದಳು. ಅವಳ ಬಾಯಿಂದ ಆ ಮಾತುಗಳು ಒಂದೊಂದಾಗಿ ಹೋಗುವುದನ್ನು ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಹೆಡ್‌ಮಾಸ್ತರರು ನನ್ನೊಂದಿಗೆ ಚೆನ್ನಾಗಿಯೇ ಇದ್ದರು. ಆದರೆ ಸಹ ಶಿಕ್ಷಕರು ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು. ಮೊದಮೊದಲು ಯಾಕೆಂದು ತಿಳಿಯಲಿಲ್ಲ. ಒಂದು ಮನೆಯ ಸುದ್ದಿ ಹೊತ್ತು ಇನ್ನೊಂದು ಮನೆಗೆ ಹಾಕಿದವಳ ಎದುರು ಯಾರು ಬಾಯಿ ಬಿಡುತ್ತಾರೆ?

ಮುಂದಿನ ಬೇಸಿಗೆಯಲ್ಲಿ ನಿಂಗಪ್ಪ ದಾರಿಯಲ್ಲಿ ಸಿಕ್ಕಿ, "ಆ ಬಾಯಿ ಹುನಗುಂದದಾಗ ಕ್ಲಾಸ ನಡಸ್ಯಾಳಂತ. ಐತವಾರ ಹುಡುಗೂರ ಕಾರ್ಯಕ್ರಮ ಐತಂತ," ಎಂದ. ಹೇಳಿ ಸುಮ್ಮನೆ ನನ್ನ ಮುಖ ನೋಡಿದ. ಅವನಿಗೂ ಹೋಗುವ ಮನಸ್ಸಿತ್ತೋ ಏನೋ, ಹೋಗಲಿಲ್ಲ. ನಾನು ಹೋದೆ.

ಹುನಗುಂದದ ಒಂದು ಹಿಟ್ಟಿನ ಗಿರಣಿಯ ಪಕ್ಕದ ಬಯಲು. ತಾಡಪಾಲಿನ ಚಪ್ಪರ, ನಲವತ್ತು ಐವತ್ತು ಜನ. ನಾನು ಹಿಂದೆ ಹೆಂಗಸರ ನಡುವೆ ತಲೆಯ ಮೇಲೆ ಸೆರಗು ಹೊದ್ದು ಕೂತೆ. ಸುಂದರಾಬಾಯಿ ಮುಂದೆ ಬಂದು ನಿಂತಳು. ಅದೇ ಬಿಗಿ ತುರುಬು.

"ಶುರು ಮಾಡೂಕಿಂತ ಮೊದಲ ಒಂದು ಮಾತು. ಮೊದಲನೇ ದಿನ ಹೇಳಿದ್ದ ಮತ್ತ ಹೇಳ್ತೇನಿ. ನನಗ ಓದು ಬರಹ ಬರೂದಿಲ್ಲ. ನಾ ಆಯಾ ಆಗಿದ್ದಾಕಿ. ನಿಮ್ಮ ಹುಡುಗೂರಿಗೆ ಬಾಯಿಮಾತ ಅಷ್ಟ ಕಲಸೇನಿ. ಅಕ್ಷರ ಸಾಲ್ಯಾಗ ಕಲೀಲಿ."

ಗುಸುಗುಸು ಎದ್ದಿತು. ನನ್ನ ಪಕ್ಕದಲ್ಲಿ ಮಡಿಲ ಕೂಸಿನೊಂದಿಗೆ ಕೂತಿದ್ದ ಹೆಂಗಸು ನನ್ನತ್ತ ಬಾಗಿದಳು. ಅವಳ ದೊಡ್ಡ ಮಗ ಆಟದಲ್ಲಿದ್ದ. "ಅಲ್ರಿ ಅಕ್ಕಾ, ಓದಾಕ ಬರಲಾರದಾಕಿ ಏನ ಕಲಸ್ತಾಳ? ನನಗ ಮೊದಲಿಂದ ಸಂಶೆ ಐತಿ. ಬಾಯಿಗೆ ಬಂದಿದ್ದು ಅಂದು ಇಂಗ್ಲೀಷ ಅಂತ ಹೇಳಿದ್ರ ನಮಗೇನ ತಿಳೀತೈತಿ?"

"ಅಕಿ ಕಲಸೂದು ಖರೆ ಇಂಗ್ಲೀಷ," ಎಂದೆ.

"ನಿಮಗ ಹೆಂಗ ಗೊತ್ತು?"

"ನಾ ಸಾಲಿ ಅಕ್ಕೋರು. ಹೋದ ವರ್ಷ ಇಳಕಲ್‌ದಾಗ ದಿನಾ ಅಕಿ ಕ್ಲಾಸಿನ್ಯಾಗ ಕೂತು ನೋಡೇನಿ. ಐದು ವರ್ಷದ ಹುಡುಗಿ ತನ್ನ ಮನಸಿನ ಮಾತು ಇಂಗ್ಲೀಷಿನ್ಯಾಗ ಆಡ್ತು. ಅವತ್ತ ಎಲ್ಲಾರೂ ನನ್ನ ಕೇಳಿದ್ರು, ಇದು ಖರೆ ಏನು ಅಂತ. ನಾ ತಿಳಿಯೂದಿಲ್ಲ ಅಂದೆ. ಸುಳ್ಳ ಹೇಳಿದೆ."

ಮೆಲ್ಲಗೆ ಹೇಳಬೇಕೆಂದುಕೊಂಡಿದ್ದೆ. ದನಿ ಏರಿಬಿಟ್ಟಿತ್ತು. ಮುಂದಿನ ಎರಡು ಸಾಲಿನವರು ತಿರುಗಿ ನೋಡಿದರು. ಸುಂದರಾಬಾಯಿಯೂ ನೋಡಿದಳು. ಗುರುತು ಹಿಡಿದಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಬಗ್ಗಿ ಒಂದು ಮಗುವಿನ ಬೂಟಿನ ದಾರ ಕಟ್ಟಿದಳು.

ಪಕ್ಕದ ಹೆಂಗಸು ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದಳು. ಕೂಸನ್ನು ನನ್ನ ಕಡೆಯ ತೊಡೆಯಿಂದ ಆಚೆಯ ತೊಡೆಗೆ ಸರಿಸಿಕೊಂಡಳು.

"ಅವತ್ತ ಸುಳ್ಳ ಹೇಳಿದಾಕಿ ಇವತ್ತ ಖರೆ ಹೇಳ್ತಿ ಅಂತ ನಾ ಹೆಂಗ ನಂಬಲಿ?"

ಬಹುವಚನ ಏಕವಚನಕ್ಕೆ ಇಳಿದಿತ್ತು. ಅದಕ್ಕೆ ನಾನು ಅರ್ಹಳೇ.

"ನನ್ನ ನಂಬಬ್ಯಾಡವ್ವಾ," ಎಂದೆ. "ನಿನ್ನ ಮಗನ್ನ ಕೇಳು."

ಅಷ್ಟರಲ್ಲಿ ಮಕ್ಕಳು ಸಾಲಾಗಿ ಬಂದು ನಿಂತರು. ಅವಳು ಕೂಸಿನ ಬಾಯಿಗೆ ಬೆರಳಿಟ್ಟು ಸುಮ್ಮನಾಗಿಸಿ, ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿಕೊಂಡು ಮಗನ ಮಾತು ಕೇಳತೊಡಗಿದಳು.